ನವಜಾತ ಶಿಶುವಿಗೆ ಬ್ಯೂರೆಟ್ ಸೆಟ್: ಅಳತೆಯನ್ನು ನಂಬಬಹುದು, ಕ್ಲ್ಯಾಂಪನ್ನು ನಂಬಬೇಡಿ

ಗ್ಲೂಕೋಸ್ ಬಾಟಲಿಗೂ ಮಗುವಿನ ಕೈಯ ರಕ್ತನಾಳಕ್ಕೆ ಚುಚ್ಚಿಟ್ಟ ಸಣ್ಣ ನಳಿಕೆಗೂ (ಕ್ಯಾನುಲಾ) ನಡುವೆ ಕೂರುವ, ಮಿ.ಲೀ. ಗೆರೆ ಹಾಕಿದ ಪಾರದರ್ಶಕ ಕೊಳವೆಯೇ ಬ್ಯೂರೆಟ್. 100 ಅಥವಾ 150 ಮಿ.ಲೀ. ಹಿಡಿಯುತ್ತದೆ. ಸಿರಿಂಜನ್ನು ಯಂತ್ರವೇ ನಿಧಾನಕ್ಕೆ ಒತ್ತುವ ಸಿರಿಂಜ್ ಪಂಪ್ ಸಿಗದ ವಾರ್ಡಿನಲ್ಲಿ ಮೊದಲ ದಿನಗಳ ದ್ರವವನ್ನು ಅಳೆದು ಕೊಡಲು ಇದೇ ಆಸರೆ. ತಿಂಗಳು ತುಂಬಿ ಹುಟ್ಟಿ ಚೆನ್ನಾಗಿ ಚೀಪುವ ಕೂಸಿಗೆ ಇದರ ಗೊಡವೆಯೇ ಬೇಡ. ತಾಯಿಯ ಮೊದಲ ಹಾಲು ಎಷ್ಟೇ ಕಡಿಮೆ ಕಂಡರೂ ಅದೇ ಸಾಕು, ನೀರೂ ಬೇಡ, ಗ್ಲೂಕೋಸ್ ನೀರೂ ಬೇಡ. ಉಸಿರಾಟದ ತೊಂದರೆಯಿಂದಲೋ ಅವಧಿಗೆ ಮೊದಲೇ ಹುಟ್ಟಿದ್ದರಿಂದಲೋ ಹಾಲು ಕುಡಿಯಲಾಗದ ಮಗುವಿನ ಮಾತು ಇದು.

ಈ ಸೆಟ್‌ನ ದೊಡ್ಡ ಗುಣ ಅದರ ಹನಿ. 60 ಹನಿಗೆ 1 ಮಿ.ಲೀ. ಹಾಗಾಗಿ ಗಂಟೆಗೆ ಎಷ್ಟು ಮಿ.ಲೀ. ಬೇಕೋ ನಿಮಿಷಕ್ಕೆ ಅಷ್ಟೇ ಹನಿ. ನಡುರಾತ್ರಿಯಲ್ಲೂ ಲೆಕ್ಕ ತಪ್ಪುವುದಿಲ್ಲ. 2 ಕಿಲೋ ತೂಕದ ಮಗುವಿಗೆ ಮೊದಲ ದಿನ ಕಿಲೋಗೆ 60 ಮಿ.ಲೀ.ನಂತೆ 120 ಮಿ.ಲೀ. ಬರೆದಿದ್ದಾರೆ ಎನ್ನೋಣ. ಗಂಟೆಗೆ 5 ಮಿ.ಲೀ., ನಿಮಿಷಕ್ಕೆ 5 ಹನಿ, ಅಂದರೆ 12 ಸೆಕೆಂಡಿಗೊಂದು. ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿನ ತೆಳು ಚರ್ಮದಿಂದ ನೀರು ಹೆಚ್ಚು ಆರಿಹೋಗುವುದರಿಂದ ಕಿಲೋಗೆ 80ರಿಂದ ಶುರು. ಮುಂದೆ ದಿನಕ್ಕೆ ಕಿಲೋಗೆ 15ರಿಂದ 20 ಮಿ.ಲೀ. ಏರಿಸುತ್ತಾ ವಾರದ ಹೊತ್ತಿಗೆ 150ರ ಹತ್ತಿರ ಬರುವುದು ರೂಢಿ.

ಹನಿ ಎಣಿಸುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ದೊಡ್ಡವರ ಡ್ರಿಪ್‌ಗೆ ಸರಿ. ಇಲ್ಲಿ ಆ 15 ಸೆಕೆಂಡಿನಲ್ಲಿ ಬೀಳುವುದು ಒಂದೋ ಎರಡೋ ಹನಿ. ಉತ್ತರ 4 ಅಥವಾ 8 ಬರುತ್ತದೆ, 5 ಬರುವುದೇ ಇಲ್ಲ. ಇನ್ನೊಂದು ಅಪಾಯ, ಅವಸರದಲ್ಲಿ ದೊಡ್ಡವರ ಸೆಟ್ ಕೈಗೆ ಬರುವುದು. ಅದು 20 ಹನಿಗೆ 1 ಮಿ.ಲೀ. ಇದ್ದರೆ, ಅದೇ 5 ಹನಿಗೆ ಗಂಟೆಗೆ 15 ಮಿ.ಲೀ. ಹೋಗುತ್ತದೆ, ಮೂರು ಪಟ್ಟು. ಪೊಟ್ಟಣದ ಮೇಲಿನ ಅಂಕಿ ಓದದೆ ಬಿಚ್ಚಬೇಡಿ.

ಬ್ಯೂರೆಟ್ ತುಂಬಿಸುವುದರಲ್ಲೇ ಮಗುವಿನ ರಕ್ಷಣೆ ಇದೆ. ಈ ಮಗುವಿಗೆ ಎರಡು ಗಂಟೆಯ ಪಾಲು 10 ಮಿ.ಲೀ. ಅಷ್ಟೇ ಇಳಿಸಿ, ಬಾಟಲಿ ಕಡೆಯ ಮೇಲಿನ ಕ್ಲ್ಯಾಂಪನ್ನು (ನಳಿಕೆಯನ್ನು ಒತ್ತಿ ಹರಿವು ತಡೆಯುವ ಹಿಡಿ) ಪೂರ್ತಿ ಮುಚ್ಚಿ. ಆಮೇಲೆ ಹನಿಯ ವೇಗ ಹೊಂದಿಸುವ ಕೆಳಗಿನ ರೋಲರ್ ಕ್ಲ್ಯಾಂಪ್ ಸಡಿಲಾದರೂ ಮಗುವಿಗೆ ಹೋಗುವುದು ಆ 10 ಮಿ.ಲೀ. ಮಾತ್ರ. ಮತ್ತೆ ಮತ್ತೆ ಯಾರು ತುಂಬಿಸುತ್ತಾರೆಂದು 100 ಮಿ.ಲೀ. ಇಳಿಸಿಟ್ಟರೆ, ದಿನವಿಡೀ ಹೋಗಬೇಕಾದದ್ದರ ಬಹುಪಾಲು ಸ್ವಲ್ಪ ಹೊತ್ತಿನಲ್ಲೇ ಒಳಗೆ ಹೋದೀತು. ಮೇಲಿನ ಕ್ಲ್ಯಾಂಪ್ ತೆರೆದೇ ಉಳಿದರಂತೂ ಬ್ಯೂರೆಟ್ ಇದ್ದೂ ಇಲ್ಲದಂತೆ. ಕೊಳವೆಗೆ ಉದ್ದಕ್ಕೆ ಬಿಳಿ ಟೇಪ್ ಅಂಟಿಸಿ ಗಂಟೆಗಂಟೆಗೂ ಮಟ್ಟ ಗುರುತು ಮಾಡಿ ಸಮಯ ಬರೆಯಿರಿ.

ದೋಷಗಳಲ್ಲಿ ಮೊದಲನೆಯದು ರೋಲರ್ ಕ್ಲ್ಯಾಂಪ್. ಒತ್ತಿ ಹಿಡಿದ ಮೆತ್ತನೆಯ ನಳಿಕೆ ನಿಧಾನಕ್ಕೆ ಆಕಾರ ಬದಲಿಸುವುದರಿಂದ, ಸರಿಮಾಡಿಟ್ಟ ವೇಗ ಅರ್ಧ ಗಂಟೆಯಲ್ಲೇ ಬೇರೆಯಾಗಿರಬಹುದು. ಮಗು ಮೊಣಕೈ ಮಡಚಿದರೆ ಹನಿ ನಿಲ್ಲುತ್ತದೆ, ಅತ್ತರೂ ಏರುಪೇರಾಗುತ್ತದೆ. ಮೇಲ್ಭಾಗದ ಗಾಳಿಕಿಂಡಿಯ ಫಿಲ್ಟರ್ ಒದ್ದೆಯಾದರೆ ಹರಿವು ಕುಂಟುತ್ತದೆ. ಕ್ಯಾನುಲಾ ಮುಚ್ಚಿತೆಂದು ಕಿತ್ತುಹಾಕುವ ಮುನ್ನ ಇದನ್ನು ನೋಡಿ, ಅಷ್ಟು ಸಣ್ಣ ಕೈಯಲ್ಲಿ ಇನ್ನೊಂದು ರಕ್ತನಾಳ ಹುಡುಕುವುದು ಸುಲಭವಲ್ಲ. ಹನಿ ನಿಂತರೆ ನೀರಷ್ಟೇ ಅಲ್ಲ, ಸಕ್ಕರೆಯೂ ನಿಲ್ಲುತ್ತದೆ. ಶೇ. 10ರ ಡೆಕ್ಸ್ಟ್ರೋಸ್ (ಗ್ಲೂಕೋಸ್ ದ್ರಾವಣ) ದಿನಕ್ಕೆ ಕಿಲೋಗೆ 60 ಮಿ.ಲೀ.ನಂತೆ ಹೋದಾಗ ಪ್ರತಿ ಕಿಲೋಗೆ ನಿಮಿಷಕ್ಕೆ 4 ಮಿ.ಗ್ರಾಂ.ಗೆ ತುಸು ಹೆಚ್ಚು ಗ್ಲೂಕೋಸ್ ಸಿಗುತ್ತದೆ. ಅದು ಹಠಾತ್ತನೆ ತಪ್ಪಿದರೆ ರಕ್ತದ ಸಕ್ಕರೆ ಕುಸಿಯಬಹುದು. ನಿಂತಿದ್ದು ಗೊತ್ತಾದಾಗ ಸಕ್ಕರೆ ಪರೀಕ್ಷಿಸಿ. ಹಿಂದುಳಿದದ್ದನ್ನು ವೇಗವಾಗಿ ಬಿಟ್ಟು ಸರಿದೂಗಿಸಲು ಹೋಗಬೇಡಿ.

ಉದ್ದ ನಳಿಕೆಯೂ ಒಂದು ತೊಡಕೇ. ಅದರಲ್ಲಿ 10 ಮಿ.ಲೀ. ನಿಂತಿದ್ದರೆ, ಬ್ಯೂರೆಟ್‌ಗೆ ಹಾಕಿದ ಔಷಧಿ ಗಂಟೆಗೆ 5 ಮಿ.ಲೀ. ವೇಗದಲ್ಲಿ ಮಗುವನ್ನು ಮುಟ್ಟಲು ಎರಡು ಗಂಟೆ ಬೇಕು.

ಖಾಲಿಯಾದಾಗ ತಾನಾಗಿ ಮುಚ್ಚಿಕೊಂಡು ಗಾಳಿ ಇಳಿಯದಂತೆ ತಡೆಯುವ ತೇಲುವ ವಾಲ್ವ್ ಇರುವ ಸೆಟ್ಟನ್ನೇ ತರಿಸಿ. ಅದಿಲ್ಲದ್ದು ನವಜಾತ ಶಿಶುಗಳಿಗೆ ಬೇಡ.

ನಮ್ಮ ತೀರ್ಮಾನ: ಒಂದೂವರೆ ಕಿಲೋ ದಾಟಿದ ಮಗುವಿಗೆ, ಗಂಟೆಗೊಮ್ಮೆ ಬಂದು ನೋಡುವ ನರ್ಸ್ ಇದ್ದರೆ, ಒಳ್ಳೆಯ ಸಾಧನ. ಅದಕ್ಕಿಂತ ಚಿಕ್ಕ ಕೂಸಿಗೆ ಸಿರಿಂಜ್ ಪಂಪ್ ಬೇಕೇ ಬೇಕು. 15-20 ಸೆಕೆಂಡಿಗೊಂದು ಹನಿಯನ್ನು ಕ್ಲ್ಯಾಂಪ್ ಹಿಡಿದಿಡಲಾರದು. ಯಾವುದನ್ನೇ ಬಳಸಿದರೂ, ಹೋದದ್ದು ಸರಿಯೇ ಎಂದು ಹೇಳುವುದು ತೂಕದ ತಕ್ಕಡಿ ಮತ್ತು ಒದ್ದೆ ಡೈಪರ್. ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದೇ ಸಹಜ. ಎರಡನೇ ದಿನವೇ ಏರಿದರೆ ನೀರು ಹೆಚ್ಚಾಗಿರಬಹುದು. ಮೊದಲ ದಿನ ಕಳೆದ ಮೇಲೂ ಮೂತ್ರ ಗಂಟೆಗೆ ಕಿಲೋಗೆ 1 ಮಿ.ಲೀ.ಗಿಂತ ಕಡಿಮೆ ಇದ್ದರೆ ವೈದ್ಯರಿಗೆ ಆಗಲೇ ತಿಳಿಸಿ, ಬೆಳಗಿನ ರೌಂಡ್ಸ್‌ಗೆ ಕಾಯಬೇಡಿ.