ಪೇರಲ ತೋಟದ ನೊಣಕ್ಕೆ ಮೆಟಾರೈಜಿಯಂ, ಬ್ಯೂವೇರಿಯಾ, ಬಲೆ: ಯಾವುದು ವಾಸಿ?

ಮೆಟಾರೈಜಿಯಂ, ಬ್ಯೂವೇರಿಯಾ ಎರಡೂ ಕೀಟಕ್ಕೆ ರೋಗ ತಂದು ಕೊಲ್ಲುವ ಶಿಲೀಂಧ್ರ, ಪುಡಿಯಾಗಿ ಸಿಗುತ್ತವೆ. ನನ್ನ ಓಟು ಮೆಟಾರೈಜಿಯಂಗೆ. ಅದೂ ಮರಕ್ಕೆ ಹೊಡೆಯುವುದಲ್ಲ, ಬುಡದ ಮಣ್ಣಿಗೆ ಹಾಕುವುದು. ಆಳಂದ ಕಡೆಯ ನಮ್ಮ ಪೇರಲ ತೋಟದಲ್ಲಿ ಮೂರನ್ನೂ ಮಾಡಿ ನೋಡಿದ್ದೇನೆ.

ಮಣ್ಣೇ ಯಾಕೆ ಅಂದರೆ, ನೊಣ ಕಾಯಿಗೆ ಚುಚ್ಚಿ ಮೊಟ್ಟೆ ಇಟ್ಟ ಮೇಲೆ ಹುಳ ಇರುವುದು ತಿರುಳಿನ ಒಳಗೆ, ಅಲ್ಲಿಗೆ ಮೇಲಿಂದ ಹೊಡೆದದ್ದು ಮುಟ್ಟುವುದು ಕಷ್ಟ. ಬಲಿತ ಹುಳ ನೆಲಕ್ಕೆ ಇಳಿದು ಮೇಲ್ಮಣ್ಣಿನಲ್ಲೇ ಕೋಶ ಕಟ್ಟುತ್ತದೆ. ಅಲ್ಲಿ ನಮ್ಮ ಕೈಗೆ ಸಿಗುತ್ತದೆ. ಶಿಲೀಂಧ್ರವನ್ನು ಅದು ತಿನ್ನಬೇಕಂತಲೂ ಇಲ್ಲ, ಬೀಜಕಣ ಮೈಗೆ ಅಂಟಿದರೆ ಚರ್ಮ ಕೊರೆದು ಒಳಗೆ ಹೋಗುತ್ತದೆ.

ಬ್ಯೂವೇರಿಯಾ ಕೆಟ್ಟದ್ದೇನಲ್ಲ. ಆದರೆ ನನಗೆ ಎಲೆಗೆ ಹೊಡೆಯಿರಿ ಅಂತ ಕೊಟ್ಟರು, ನಮ್ಮ ಬಿಸಿಲಿಗೆ ಎಲೆ ಮೇಲೆ ಬೀಜಕಣ ಉಳಿಯಬೇಕಲ್ವಾ? ಜೊತೆಗೆ ರೇಷ್ಮೆ ಹುಳಕ್ಕೆ ಸುಣ್ಣಕಟ್ಟು ರೋಗ ತರುವುದೂ ಇದೇ. ಬದುವಿನ ಆಚೆ ಹಿಪ್ಪುನೇರಳೆ ಇದೆ, ಸುಮ್ನೆ ಜಗಳ ಯಾಕೆ? ಮೆಟಾರೈಜಿಯಂ ಕೂಡ ರೇಷ್ಮೆಗೆ ಆಗುವುದಿಲ್ಲ, ಆದರೆ ಗೊಬ್ಬರದ ಜೊತೆ ಬುಡಕ್ಕೆ ಹೋದದ್ದು ಸಿಂಪಡಣೆಯ ಹಾಗೆ ಗಾಳಿಗೆ ತೇಲುವುದಿಲ್ಲ.

ಇನ್ನು ಕಿರಿಕಿರಿಯ ವಿಷಯ. ಮೆಟಾರೈಜಿಯಂ ಪುಡಿಯಲ್ಲಿ ಜೀವ ಇದೆಯೋ ಇಲ್ಲವೋ ಪ್ಯಾಕೆಟ್ ನೋಡಿದರೆ ಗೊತ್ತಾಗುವುದಿಲ್ಲ. ಮೊದಲ ಪ್ಯಾಕೆಟ್ ಕಲಬುರಗಿಯ ಒಂದು ಅಂಗಡಿಯದ್ದು, ತಗಡಿನ ಮಾಡಿನ ಕೆಳಗೆ ಇಟ್ಟಿದ್ದರು, ಮೇ ತಿಂಗಳು, ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ತಾರೀಕು ಸರಿಯಾಗೇ ಇತ್ತು. ಬುಡಕ್ಕೆ ಹಾಕುವ ಮೊದಲು ಗೊಬ್ಬರದಲ್ಲಿ ಶಿಲೀಂಧ್ರ ಹಬ್ಬಲಿ ಅಂತ 1 ಕೆಜಿ ಪುಡಿಗೆ 100 ಕೆಜಿ ಕಳಿತ ತಿಪ್ಪೆಗೊಬ್ಬರ, ನೆರಳು, ಮೇಲೆ ಹಸಿ ಗೋಣಿಚೀಲ, ಎಲ್ಲಾ ಮಾಡಿದೆವು. ಎರಡು ವಾರ ಕಾದರೂ ಒಂದು ಬಿಳಿ ಎಳೆ ಹತ್ತಲಿಲ್ಲ. ಅಂಗಡಿಗೆ ಹೋಗಿ ಕೇಳಿದರೆ "ನಿಮ್ಮ ಗೊಬ್ಬರ ಸರಿ ಇಲ್ರೀ" ಅಂದರು!

ಆಮೇಲೆ ನಮ್ಮ ಭಾಗದ ಮಣ್ಣಿನಿಂದಲೇ ಬೇರ್ಪಡಿಸಿದ ತಳಿ, ತಂಪಿನಲ್ಲಿ ಇಟ್ಟದ್ದು, ಒಂದು ಲ್ಯಾಬಿನಿಂದ ತಂದೆ. ಅದೇ ತಿಪ್ಪೆ, ಅದೇ ಗೊಬ್ಬರ, ಚೆನ್ನಾಗಿ ಹಬ್ಬಿತು. ಬಿಸಿ ತಡೆಯುವ ಶಕ್ತಿ ತಳಿಯಿಂದ ತಳಿಗೆ ಬೇರೆ, ಅದಕ್ಕೇ ಸ್ಥಳೀಯ ತಳಿ ಸಿಕ್ಕರೆ ಬಿಡಬೇಡಿ. ಈಗ ಯಾವ ಪ್ಯಾಕೆಟ್ ತಂದರೂ ಮೊದಲು ಚಿಟಿಕೆಯಷ್ಟು ಪುಡಿಯನ್ನು ಆರಿದ ಅನ್ನಕ್ಕೆ ಉದುರಿಸಿ ಮುಚ್ಚಿಡುತ್ತೇನೆ. ಮೊದಲು ಬಿಳಿ, ಆಮೇಲೆ ಹಸಿರು ಬಂದರೆ ಮಾತ್ರ ಗೊಬ್ಬರಕ್ಕೆ. ಮನೆಯವರ ಬೈಗುಳ ಬೇರೆ.

ಇನ್ನು ಬಲೆ. ಮೀಥೈಲ್ ಯುಜಿನಾಲ್ ಅನ್ನುವ ವಾಸನೆಯಿಂದ ನೊಣ ಸೆಳೆಯುವ ಈ ಬಲೆಗೆ ಬೀಳುವುದು ಗಂಡು ನೊಣ. ಪಕ್ಕದ ತೋಟದವರು ಹಾಕದಿದ್ದರೆ ಅಲ್ಲಿಂದ ಕೂಡಿದ ಹೆಣ್ಣು ಬಂದೇ ಬರುತ್ತದೆ. ನೊಣ ಜಾಸ್ತಿ ಆಯ್ತಾ ಅಂತ ನೋಡಲು ಕೆಲವು ನೇತು ಹಾಕಿದ್ದೇನೆ, ಅಷ್ಟೇ. ಹಾಗಲ, ಹೀರೆಯ ನೊಣಕ್ಕೆ ಕ್ಯೂಲೂರ್ ಅನ್ನುವ ಬೇರೆ ವಾಸನೆ ಬೇಕು, ಇದು ನಡೆಯುವುದಿಲ್ಲ.

ನಮ್ಮಲ್ಲಿ ಎಮ್ಮೆ ಇವೆ, ಗೊಬ್ಬರಕ್ಕೆ ದುಡ್ಡಿಲ್ಲ. ಡ್ರಿಪ್ ಇದೆ, ಬುಡ ಹಸಿಯಾಗೇ ಇರುತ್ತದೆ. ನೊಣದ ಕಾಟ ಜೋರಾಗುವುದು ಮಳೆಗಾಲದ ಬೆಳೆಗೆ, ಶಿಲೀಂಧ್ರಕ್ಕೂ ಆಗಲೇ ಹದ. ಬಿದ್ದ ಹಣ್ಣು ಆರಿಸುವುದು ಮಾತ್ರ ತಪ್ಪುವುದಿಲ್ಲ, ಶಿಲೀಂಧ್ರ ಕೊಲ್ಲುವ ಬೋರ್ಡೋ ದ್ರಾವಣವನ್ನು (ಮೈಲುತುತ್ತು, ಸುಣ್ಣ ಬೆರೆಸಿದ್ದು) ಅದೇ ಹೊತ್ತಿಗೆ ಬುಡಕ್ಕೆ ಸುರಿಯಲೂಬಾರದು. ನೀರಿಲ್ಲದೆ ಬಿರುಕು ಬಿಡುವ ಎರೆಭೂಮಿ ಇದ್ದವರು ಮೆಟಾರೈಜಿಯಂಗೆ ದುಡ್ಡು ಹಾಕಬೇಡಿ, ಅಕ್ಕಪಕ್ಕದವರನ್ನು ಒಪ್ಪಿಸಿ ಒಟ್ಟಿಗೆ ಬಲೆ ಕಟ್ಟಿ.