ಧರಣಿಗೆ ಒಯ್ದ ಕೈಮೈಕು: ಎರಡು ದಿನ ಬಳಸಿದ ಮೇಲೆ

ಆರು, ನೂರು, ಮೂರು. ಕೈಮೈಕು, ಅಂದರೆ ಕೈಯಲ್ಲಿ ಹಿಡಿದು ಮಾತಾಡುವ ಮೆಗಾಫೋನ್, ಕೊಳ್ಳುವ ಮೊದಲು ಯಾರಿಂದಲಾದರೂ ಅದರಲ್ಲಿ ಈ ಮೂರು ಪದ ಹೇಳಿಸಿ, 50 ಹೆಜ್ಜೆ ದೂರ ನಿಂತು ಕೇಳಿ. ಸಂಬಳಕ್ಕಾಗಿ ಧರಣಿ ಕೂತಾಗ ಅರ್ಧ ಮಾತು ಲೆಕ್ಕದ್ದೇ ಇರುತ್ತದೆ. ನಾನು ತಂದ ಮೈಕಿನಲ್ಲಿ ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಮೂರೂ ಒಂದೇ ಥರ ಕೇಳುತ್ತವೆ. ಮುಕ್ಕಾಲಿಗೆ ಇಳಿಸಿ, ಬಾಯಿಂದ ಎರಡು ಬೆರಳು ದೂರ ಹಿಡಿದು, ನಿಧಾನವಾಗಿ ಮಾತಾಡಿದರೆ ಸ್ಪಷ್ಟ. ಇದು ಗೊತ್ತಾಗಲು ನಮಗೆ ಅರ್ಧ ದಿನ ಹಿಡಿಯಿತು.

ನಾನು ಒಂದು ಹೋಟೆಲಿನಲ್ಲಿ ಬಿಲ್ ಕೌಂಟರ್ ನೋಡಿಕೊಳ್ಳುತ್ತೇನೆ. ಬಡಿಸುವವರು, ಪಾತ್ರೆ ತೊಳೆಯುವವರು, ರೂಮು ಕ್ಲೀನ್ ಮಾಡುವವರು, ಗೇಟು ಕಾಯುವವರು ಎಲ್ಲ ಸೇರಿ ಸುಮಾರು 120 ಜನ ಎರಡು ದಿನ ಧರಣಿ ಕೂತೆವು. ಕೇಳಿದ್ದು ಎರಡೇ. ಸಂಸಾರ ನಡೆಯುವಷ್ಟು ಸಂಬಳ ಕೊಡಿ, ಜಾಸ್ತಿ ದುಡಿಸಿದ ಗಂಟೆಗಳಿಗೆ ದುಡ್ಡು ಕೊಡಿ. ಮೈಕು ತರುವ ಕೆಲಸ ನನ್ನ ಪಾಲಿಗೆ ಬಂತು.

ಸೆಲ್ ಹಾಕಿದ ಮೇಲೂ ತೂಕ ಒಂದೂವರೆ ಕಿಲೋ ದಾಟುವುದಿಲ್ಲ. ಆದರೆ ಹತ್ತು ನಿಮಿಷ ಎತ್ತಿ ಹಿಡಿದರೆ ತೋಳು ಸೋಲುತ್ತದೆ. ಹಾಗಾಗಿ ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಸುರುಳಿ ವೈರಿನ ಪುಟ್ಟ ಮೈಕು. ಒಬ್ಬರು ಹಿಂದೆ ನಿಂತು ದೊಡ್ಡದನ್ನು ಹೆಗಲಿಗೆ ಹಾಕಿಕೊಳ್ಳಬಹುದು, ಇನ್ನೊಬ್ಬರು ಪುಟ್ಟದನ್ನು ಹಿಡಿದು ಮಾತಾಡಬಹುದು. ಮಾತಾಡುವವರ ಮುಖ ಮುಚ್ಚುವುದಿಲ್ಲ.

ಅದರಿಂದಲೇ ಪಾತ್ರೆ ತೊಳೆಯುವ ಅಕ್ಕ ಮಾತಾಡಿದ್ದು. ಮೊದಲು "ನೀನೇ ಹೇಳಪ್ಪ, ನಂಗೆ ಆಗಲ್ಲ" ಅಂದರು. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು "ನಿಮಗೆ ಟಿಪ್ಸ್ ಸಿಗುತ್ತಲ್ವಾ?" ಎಂದು ಕೇಳಿದರು. ಅಕ್ಕ ನನ್ನ ಕೈಯಿಂದ ಮೈಕು ತೆಗೆದುಕೊಂಡರು. "ನಾನು ಕೂರೋದು ಹಿಂದುಗಡೆ. ಗಿರಾಕಿ ಮುಖಾನೇ ನೋಡಿಲ್ಲ. ಟಿಪ್ಸ್ ಯಾರು ಕೊಡ್ತಾರೆ?" ಆಮೇಲೆ ತಮ್ಮ ಲೆಕ್ಕ ಹೇಳಿದರು. ಹತ್ತು ಗಂಟೆ ಕೆಲಸ, ಎಂಟು ಗಂಟೆಗೆ ಸಂಬಳ. ದಿನಕ್ಕೆ ಎರಡು ಗಂಟೆ, ವಾರಕ್ಕೆ ಆರು ದಿನ. ಹನ್ನೆರಡು ಗಂಟೆ ಸುಮ್ನೆ ಹೋಗುತ್ತದೆ. ಕೊನೇ ಸಾಲಿನಲ್ಲಿದ್ದ ಗೇಟಿನವರಿಗೂ ಆ ಹನ್ನೆರಡು ಕೇಳಿಸಿತು. ವರ್ಷಗಟ್ಟಲೆ ಅವರ ಜೊತೆ ಕೆಲಸ ಮಾಡಿದ ನನಗೂ ಆ ಲೆಕ್ಕ ಗೊತ್ತಿರಲಿಲ್ಲ.

ಕೆಟ್ಟದ್ದು ಸೈರನ್ ಬಟನ್. ಮಾತಾಡಲು ಒತ್ತುವ ಗುಂಡಿಯ ಪಕ್ಕದಲ್ಲೇ ಇಟ್ಟಿದ್ದಾರೆ. ಮೊದಲ ದಿನ ಬೆರಳು ಜಾರಿ ಸೈರನ್ ಕೂಗಿತು, ಒಂದು ಮಗು ಬೆಚ್ಚಿ ಅತ್ತಿತು, ಪೊಲೀಸರು ಎದ್ದು ಬಂದರು. ಕ್ಷಮೆ ಕೇಳಿದೆವು. ಶಾಂತವಾಗಿ ಕೂತವರ ಕೈಯಲ್ಲಿ ಸೈರನ್ ಯಾಕೆ ಬೇಕು? ಅದರ ಮೇಲೆ ದಪ್ಪ ಟೇಪ್ ಸುತ್ತಿ. ಗೋಡೆಯ ಕಡೆಗೂ ತಿರುಗಿಸಬೇಡಿ, ಕಿವಿ ಕಿತ್ತುಹೋಗುವಂತೆ ಕುಂಯ್ ಅನ್ನುತ್ತದೆ. ಮೈಕಿಗೆ ಅನುಮತಿ ಬೇಕಾದ ಜಾಗವಾದರೆ ಮೊದಲೇ ಪಡೆಯಿರಿ.

ಟಾರ್ಚಿಗೆ ಹಾಕುವ ದಪ್ಪ ಸೆಲ್ ಆರು ಬೇಕು. ನಾಲ್ಕು ಗಂಟೆ ಆದಮೇಲೆ ದನಿ ಕುಗ್ಗುತ್ತದೆ. ಎರಡನೇ ದಿನ ಪೂರ್ತಿ ನಿಂತೇಹೋಯಿತು, ಇನ್ನೊಂದು ಸೆಟ್ ತಂದಿರಲಿಲ್ಲ. ಆಗ ನೆನಪಾಗಿದ್ದು 2011ರ ನ್ಯೂಯಾರ್ಕ್. ಆಕ್ಯುಪೈ ವಾಲ್ ಸ್ಟ್ರೀಟ್ ಚಳವಳಿಯವರು ಧರಣಿ ಕೂತಿದ್ದ ಜುಕೋಟಿ ಪಾರ್ಕಿನಲ್ಲಿ ಮೈಕಿಗೆ ಅನುಮತಿ ಇರಲಿಲ್ಲ. ಒಬ್ಬರು ಹೇಳಿದ ಸಾಲನ್ನು ಸುತ್ತಲಿನವರು ಒಟ್ಟಿಗೆ ಹೇಳಿ ಹಿಂದಿನವರಿಗೆ ಮುಟ್ಟಿಸುತ್ತಿದ್ದರು. ಮರುವರ್ಷ ನವೆಂಬರ್ 29ರಂದು ಅದೇ ಊರಿನಲ್ಲಿ ಫಾಸ್ಟ್‌ಫುಡ್ ಅಂಗಡಿಗಳ ಕೆಲಸಗಾರರು ಗಂಟೆಗೆ 15 ಡಾಲರ್ ಕೇಳಿ ಕೆಲಸ ಬಿಟ್ಟು ಹೊರಬಂದರು. 2018ರ ಕೊನೆಗೆ ಅಲ್ಲಿನ ಫಾಸ್ಟ್‌ಫುಡ್ ಕೆಲಸಗಾರರ ಕನಿಷ್ಠ ಕೂಲಿ ಅಷ್ಟಕ್ಕೆ ಮುಟ್ಟಿತು. ಆರು ವರ್ಷ ಹಿಡಿಯಿತು, ಅಲ್ವಾ?

ಮೈಕು ನಿಂತಮೇಲೆ ನಾವೂ ಆ ಪಾರ್ಕಿನವರ ಹಾಗೇ ಸಾಲು ದಾಟಿಸಿದೆವು. ರೂಮು ಕ್ಲೀನ್ ಮಾಡುವ ಹುಡುಗಿ ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ 23ನೇ ಕಲಮು ಓದಿದಳು. ದುಡಿಯುವವರಿಗೆ ತಾವೂ ತಮ್ಮ ಸಂಸಾರವೂ ಘನತೆಯಿಂದ ಬದುಕುವಷ್ಟು ಸಂಬಳ ಸಿಗಬೇಕು ಎಂಬ ಮಾತು ಅದರಲ್ಲಿದೆ. 120 ಜನ ಸಾಲು ಸಾಲಾಗಿ ಅದನ್ನು ಹೇಳಿದರು. ನನ್ನ ಗಂಟಲು ಕಟ್ಟಿತು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಳೆದದ್ದು ಸೈರನ್ನಿಗೆ. ಮುಂದಿನ ವಾರ ಮಾತುಕತೆಗೆ ಕರೆದಿದ್ದಾರೆ, ಅಕ್ಕನೂ ಬರುತ್ತಾರೆ. ಸೆಲ್ ಒಳಗೇ ಬಿಟ್ಟರೆ ಸೋರುತ್ತದೆ ಎಂದು ತೆಗೆದಿಟ್ಟಿದ್ದೇನೆ. ಹೊಸ ಆರು ಸೆಲ್ಲೂ ತಂದಾಗಿದೆ.