ನೇರಳೆ ಬೀಜ ಕೊಟ್ಟೆ, ಎಲೆಯ ರಿಪೋರ್ಟ್ ಬಂತು: ಪ್ರಾಜೆಕ್ಟ್ ಮಾಡುವವರು ಹುಷಾರು

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಹೊರಗಿನ ಲ್ಯಾಬ್‌ಗೆ ಸ್ಯಾಂಪಲ್ ಕೊಡುವವರು ದಯವಿಟ್ಟು ಇದನ್ನು ಓದಿ. ನನ್ನ 8,500 ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ಮಾನ ಹೋಯಿತು.

ನನ್ನ ವಿಷಯ ನೇರಳೆ ಬೀಜ. ಜೂನ್ ತಿಂಗಳಿಡೀ ಮನೆಯವರೆಲ್ಲ ನಾಲಿಗೆ ನೀಲಿ ಮಾಡಿಕೊಂಡು ಹಣ್ಣು ತಿಂದು ಬೀಜ ಕೂಡಿಟ್ಟರು. ಅಮ್ಮ ನೆರಳಲ್ಲಿ ಒಣಗಿಸಿ ಪುಡಿ ಮಾಡಿಕೊಟ್ಟರು. ಕಾಲೇಜಿನ ಸಾಕ್ಸ್‌ಲೆಟ್‌ನಲ್ಲಿ ಮೆಥನಾಲ್ ಹಾಕಿ ಸಾರ ತೆಗೆದೆ. ಅಲ್ಲಿಯವರೆಗೆ ಎಲ್ಲ ಸರಿ. ನಮ್ಮಲ್ಲಿ ಪರೀಕ್ಷೆಗೆ ಬೇಕಾದ ಎಂಜೈಮ್ ಇರಲಿಲ್ಲ, ದ್ರಾವಣದ ಬಣ್ಣ ಅಳೆಯುವ ಸ್ಪೆಕ್ಟ್ರೋ ಮಷಿನ್ ಕೆಟ್ಟು ಕೂತಿತ್ತು. ಸೀನಿಯರ್ ಒಬ್ಬರು ಬೆಂಗಳೂರಿನ ಒಂದು ಖಾಸಗಿ ಲ್ಯಾಬಿನ ನಂಬರ್ ಕೊಟ್ಟರು. ಡಿಪಿಪಿಎಚ್ (ಆಂಟಿಆಕ್ಸಿಡೆಂಟ್ ಪರೀಕ್ಷೆ), ಆಲ್ಫಾ ಗ್ಲೂಕೋಸಿಡೇಸ್ (ಪಿಷ್ಟವನ್ನು ಸಕ್ಕರೆ ಮಾಡುವ ಈ ಎಂಜೈಮನ್ನು ಸಾರ ಎಷ್ಟು ತಡೆಯುತ್ತದೆ ಎಂಬ ಪರೀಕ್ಷೆ) ಎರಡೂ ಮಾಡಿಕೊಡುತ್ತೇವೆ, ದುಡ್ಡು ಪೂರ್ತಿ ಮೊದಲೇ ಎಂದರು. ಹಾಕಿದೆ. 2 ಗ್ರಾಂ ಸಾರವನ್ನು ಸಣ್ಣ ಬಾಟಲಿಗೆ ತುಂಬಿ, ಮುಚ್ಚಳದ ಸುತ್ತ ನೀಲಿ ಟೇಪ್ ಹಚ್ಚಿ ಕೊಟ್ಟೆ.

ನಾಲ್ಕೇ ದಿನಕ್ಕೆ ರಿಪೋರ್ಟ್! ಬಣ್ಣದ ಗ್ರಾಫ್, ಐಸಿ50 (ಅರ್ಧದಷ್ಟು ತಡೆಯಲು ಎಷ್ಟು ಸಾರ ಬೇಕು ಎಂಬ ಅಂಕಿ), ಸೀಲು, ಸಹಿ. ಖುಷಿಯಲ್ಲಿ ಹಾಗೇ ಪಿಪಿಟಿಗೆ ಅಂಟಿಸಿದೆ. ಓದಲಿಲ್ಲ. ಹೌದು, ಸರಿಯಾಗಿ ಓದಲೇ ಇಲ್ಲ, ನನ್ನದೂ ತಪ್ಪು.

ಸೆಮಿನಾರ್ ದಿನ ಇಡೀ ಕ್ಲಾಸಿನ ಮುಂದೆ ಗೈಡ್ ಮೇಡಂ ಕೇಳಿದರು, "ಗ್ಲೂಕೋಸಿಡೇಸ್‌ಗೆ ಸ್ಟ್ಯಾಂಡರ್ಡ್ ಯಾವುದಮ್ಮ?" ಅಕಾರ್ಬೋಸ್ ಎಂದೆ. "ಸ್ಲೈಡ್ ನೋಡು." ತಿರುಗಿ ನೋಡಿದರೆ ಆಸ್ಕಾರ್ಬಿಕ್ ಆಸಿಡ್! ಅದು ವಿಟಮಿನ್ ಸಿ, ಡಿಪಿಪಿಎಚ್‌ಗೆ ಹಾಕುವುದು. ಈ ಎಂಜೈಮನ್ನು ತಡೆಯುವ ಮಾತ್ರೆ ಅಕಾರ್ಬೋಸ್, ಸಾರವನ್ನು ಹೋಲಿಸಬೇಕಾದದ್ದು ಅದರ ಜೊತೆ. ತರಂಗಾಂತರವೂ 517 ನ್ಯಾನೋಮೀಟರ್! ಡಿಪಿಪಿಎಚ್‌ನ ನೇರಳೆ ಬಣ್ಣ ಇಳಿಯುವುದನ್ನು ನೋಡುವುದು ಅಲ್ಲಿ. ಗ್ಲೂಕೋಸಿಡೇಸ್ ಪರೀಕ್ಷೆಯಲ್ಲಿ ಎಂಜೈಮ್ ಪಿಎನ್‌ಪಿಜಿ ಎಂಬ ರಾಸಾಯನಿಕವನ್ನು ಒಡೆದಾಗ ಬರುವ ಹಳದಿಯನ್ನು 405ರಲ್ಲಿ ಓದಬೇಕು. ಇನ್ನೂ ಇದೆ. ಮೂರು ಸಲದ ರೀಡಿಂಗ್ ಮೂರನೇ ದಶಾಂಶದವರೆಗೂ ಒಂದೇ. ಪಿಪೆಟ್ ಹಿಡಿದವರಿಗೆ ಗೊತ್ತು, ಸಾಲುಸಾಲಾಗಿ ಹಾಗೆ ಬರುವುದಿಲ್ಲ. ಗ್ರಾಫಿನ ಕೆಳಗೆ ಸಣ್ಣಕ್ಷರದಲ್ಲಿ "ಎಲೆಯ ಸಾರ". ಎಲೆ! ನಾನು ಕೊಟ್ಟಿದ್ದು ಬೀಜ ರೀ, ಬೀಜ. ಹಿಂದಿನ ಬೆಂಚಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಫೋನ್ ಮಾಡಿದೆ. "ಟೈಪಿಂಗ್ ಮಿಸ್ಟೇಕ್ ಮೇಡಂ." ಮೂರೂ ರೀಡಿಂಗ್ ಒಂದೇ ಇದೆಯಲ್ಲ? "ನಮ್ಮ ಮಷಿನ್ ಅಷ್ಟು ಅಕ್ಯುರೇಟ್." ರಾ ಡೇಟಾ, ಅಂದರೆ ಮಷಿನ್ ತೋರಿಸಿದ ಮೂಲ ಅಂಕಿಗಳನ್ನು ಕೊಡಿ ಎಂದೆ. "ಅದು ಕಾನ್ಫಿಡೆನ್ಷಿಯಲ್." ನನ್ನ ಸ್ಯಾಂಪಲಿನ ಡೇಟಾ ನನಗೇ ಕಾನ್ಫಿಡೆನ್ಷಿಯಲ್ಲು! ಕೊನೆಗೆ ಬಂತು ನೋಡಿ: "ಎಕ್ಸ್‌ಟರ್ನಲ್ ಎಕ್ಸಾಮಿನರ್ಸ್ ಇಷ್ಟೆಲ್ಲ ನೋಡಲ್ಲ. ಐಸಿ50 ಎಷ್ಟು ಬೇಕು ಹೇಳಿ, ಹಾಕಿ ಕಳಿಸ್ತೀವಿ." ಎಷ್ಟು ಬೇಕು ಅಂತೆ. ತರಕಾರಿ ಅಂಗಡಿಯಾ ಇದು?

ಮರುದಿನವೇ ಬಸ್ ಹತ್ತಿ ಹೋಗಿ ಉಳಿದ ಸ್ಯಾಂಪಲ್ ವಾಪಸ್ ಕೇಳಿದೆ. ಫ್ರಿಜ್‌ನಿಂದ ತಂದುಕೊಟ್ಟರು. ನೀಲಿ ಟೇಪ್ ನಾನು ಹಚ್ಚಿದ ಹಾಗೇ ಇತ್ತು. ಅಲ್ಲೇ ಅಳು ಬಂತು ನನಗೆ.

ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಕಂಟ್ರೋಲ್ (ಸಾರ ಹಾಕದ) ರೀಡಿಂಗ್ ಸಮೇತ ರಾ ಡೇಟಾ ಕೊಡುತ್ತೇವೆ ಎಂದು ಬರೆಸಿಕೊಳ್ಳಿ. ಸಾಧ್ಯವಾದರೆ ಪರೀಕ್ಷೆ ಮಾಡುವಾಗ ಪಕ್ಕದಲ್ಲೇ ನಿಂತಿರಿ. ಬೇಡ ಎಂದರೆ ಬಾಟಲಿ ಎತ್ತಿಕೊಂಡು ಬನ್ನಿ. ಸೀಲು ನೋಡಿ ಮರುಳಾಗಬೇಡಿ, ನಾನು ಆದ ಹಾಗೆ.

ದುಡ್ಡು ವಾಪಸ್ ಕೇಳಿದ್ದಕ್ಕೆ ಏನಂದರು ಗೊತ್ತಾ? "ಬಿಲ್ ಆಗಿಬಿಟ್ಟಿದೆ ಮೇಡಂ. ಮುಂದಿನ ಸ್ಯಾಂಪಲ್‌ಗೆ ಡಿಸ್ಕೌಂಟ್ ಕೊಡ್ತೀವಿ." ಮುಂದಿನ ಸ್ಯಾಂಪಲ್ಲಂತೆ! ಮೊದಲನೆಯದರ ಟೇಪನ್ನೇ ಇನ್ನೂ ಬಿಚ್ಚಿಲ್ಲ.